ಪೇಂಟರ್ ಲಾಡ್ಲೇಸಾಬ ಪೇಜ್ ಬರದದ್ದು

ಮೊದಲ ದಿನ ನೀಲಗಂಗಾ ಹೇಳಿದ್ದು ಇಷ್ಟ:
ಕಾಕಾ, ತೆಗದದ್ದನ್ನ ಮುಚ್ಚಬೇಕು.
ಡಬ್ಬಿ ಮುಚ್ಚಳದಂಗೇನವಾ, ಅಂದೆ.
ಹೂಂ, ಹಂಗ ಅಂತ ತಿಳ್ಕೋರಿ, ಅಂದ್ಲು,
ಬಸ್ ಸ್ಟ್ಯಾಂಡ್ ಎದುರಿನ ಝೆರಾಕ್ಸ್ ಅಂಗಡ್ಯಾಗ
ಯಾರದೋ ಆಧಾರಕ್ಕ ಲ್ಯಾಮಿನೇಷನ್ ಒತ್ತಿಕೋತ.

ಮುಚ್ಚಳದ ಮಾತು ನನಗ ಯಾರೂ ಕಲಸೂದು ಬ್ಯಾಡ.
ಮುಚ್ಚದ ಬಿಟ್ಟ ಇನಾಮೆಲ್ ಮ್ಯಾಲ
ಬೆಳಗಾಗೂದ್ರಾಗ ಕೆನಿ ಕಟ್ಟತೈತಿ,
ಬ್ರಶ್ ಅದ್ದಿದ್ರ ತೊಗಲಿನಂಗ ಎದ್ದು ಬರತೈತಿ.
ಮೂವತ್ತೊಂದು ವರ್ಷ ತಾಳಿಕೋಟಿ ಗೋಡಿ ಮ್ಯಾಲ
ಬೀಜ, ಗೊಬ್ಬರ, ಬೀಡಿ, ಮೂಲವ್ಯಾಧಿ,
ಇಲ್ಲಿ ಮೂತ್ರ ಮಾಡಬಾರದು.
ಅಕ್ಷರ ನಂದು, ಮಾತು ಅವರವರದು.

ಕೀಬೋರ್ಡಿನ್ಯಾಗ ಎರಡು ಚೂಪು ಕಂಸ ಅದಾವು.
ಎದುರಾಬದುರು ಕುಂತ ಎರಡು ಗುಬ್ಬಿ,
ಎರಡೂ ಬಾಯಿ ತೆರದಾವು,
ನಡುವ ಒಂದ ಕಾಳು.
ಆ ಕಾಳು ಬಿ ಆದ್ರ ದಪ್ಪ ಅಕ್ಷರ.
ತೆಗದೆ. ಮುಚ್ಚೂದು ಮರತೆ.
ಹೆಸರು ದಪ್ಪ ಆತು, ಊರು ದಪ್ಪ ಆತು,
ಫೋನ್ ನಂಬರು, ಕಡೀಕ
"ಶುಕ್ರವಾರ ಮಧ್ಯಾಹ್ನ ಇರೂದಿಲ್ಲ" ಅನ್ನೂದೂ
ಸಂತಿ ಮೈಕಿನಂಗ ಒದರಾಕ ಹತ್ತಿತು.
ಗೋಡಿ ಆಗಿದ್ರ ಸೀಮೆಎಣ್ಣಿ, ಅರಿವಿ, ಅರ್ಧಾ ದಿನದ ಪಗಾರ.
ಇಲ್ಲಿ ಬಿ ಮುಂದ ಒಂದು ಓರೆ ಗೆರಿ,
ಎಲ್ಲಾ ಸುಮ್ಮನಾತು.

ತಲಿಬರಹಕ್ಕ ಆರು ಅಳತಿ ಅದಾವಂತ.
ಒಂದು ಅಂದ್ರ ಎಲ್ಲಕ್ಕೂ ದೊಡ್ಡದು, ಆರು ಸಣ್ಣದು.
ಉಲ್ಟಾ ಆತಲ್ಲವಾ, ನಮ್ಮ ಬ್ರಶ್
ನಂಬರ್ ಏರಿದಂಗ ಅಗಲ ಆಗತಾವ, ಅಂದೆ.
ಅಕಿ ಅದಕ್ಕೇನೂ ಅನ್ನಲಿಲ್ಲ, ಗಿರಾಕಿ ಬಂದಿದ್ದ.

ಮನ್ಯಾಗ ಫೋನಿನ್ಯಾಗ ತೆಗದು ನೋಡತೀನಿ,
ಲಾ ಇಲ್ಲ, ಡ ಇಲ್ಲ, ಏನೂ ಇಲ್ಲ.
ನೆತ್ತಿಗಿ ಕಡ್ಡಿ ಸಿಗಿಸಿಕೊಂಡ ಇಂಗ್ಲಿಷ್ ಎ,
ಅದರ ಹೆಗಲ ಮ್ಯಾಲ ಸಣ್ಣದೊಂದು ಎರಡು,
ಯಾವ ದೇಶದ ರೊಕ್ಕದ ಗುರ್ತೋ ಏನೋ,
ಸಾಲಿಗಿ ಸಾಲು ಅದ.
"ಸ್ತ್ರೀರೋಗ ತಜ್ಞರು" ಅನ್ನೂದನ್ನ
ಒಂಬತ್ತು ಇಂಚಿನ ಬಾಗಲ ಚೌಕಟ್ಟಿನ ಮ್ಯಾಲ ಕುಂಡ್ರಿಸಿದ ಕೈ ಇದು.
ಆ ರಾತ್ರಿ ಊಟ ರುಚಿ ಹತ್ತಲಿಲ್ಲ.

ಯಾವ ಲಿಪಿ ಅಂತ ಅದಕ್ಕ ಹೇಳೇ ಇಲ್ಲಲ್ಲ ಕಾಕಾ,
ಅಂದು ನೀಲಗಂಗಾ ತಲಿಯೊಳಗ ಒಂದು ಸಾಲು ಹಾಕಿದ್ಲು,
ಯುಟಿಎಫ್ ಎಂಟು.
ಆ ಸಾಲು ನೋಡಾವ್ರಿಗೆ ಕಾಣೂದಿಲ್ಲ.
ನಾವು ದಾರಕ್ಕ ನೀಲಿಪುಡಿ ಹಚ್ಚಿ
ಗೋಡಿಗಿ ಚಟ್ಟಂತ ಹೊಡದ ಗೆರಿನೂ ಹಂಗ,
ಬರದಾದ ಮ್ಯಾಲ ಒರಸತೀವಿ.
ಇಲ್ಲಿ ಒರಸೂದಿಲ್ಲ, ಅಷ್ಟ ಫರಕು.
ಬಟನ್ ಒತ್ತೂದ ತಡ
ಒತ್ತಕ್ಷರೆಲ್ಲಾ ಓಡಿಬಂದು ತಂತಮ್ಮ ಅಕ್ಷರದ ಕೆಳಗ ಕುಂತವು,
ಹಾಜರಿ ಕರದಾಗ ಸಾಲಿ ಹುಡುಗರು ಕುಂತಂಗ.

ಈಗ ಗೋಡಿ ಸೈತ ನಂದ.
ಪಿ ತೆಗದು ಎರಡು ದಿನ ಕುಂತೆ.
ಕೈ ತನ್ನ ರೂಢಿಗೆ "ಇಲ್ಲಿ ಮೂತ್ರ" ಅಂತ ಬರೀತು,
ಅಕಿ ನಕ್ಕು ನಕ್ಕು ಮೌಸ್ ಕೆಡವಿದ್ಲು.
ಅಳಿಸಿದೆ.
ಆಮ್ಯಾಲ ಯಾರಿಗೂ ಹೇಳದ್ದೊಂದು ಬರದೆ:

ಡೋಣಿ ಸೇತುವಿ ದಾರ್ಯಾಗ ಇರೂ
ವಿದ್ಯಾರ್ಥಿನಿಯರ ವಸತಿ ನಿಲಯದ ಬೋರ್ಡು
ಬರದಾಂವ ನಾನ.
ಥಿ ಆದ ಮ್ಯಾಲ ಅರ್ಕಾವತ್ತು ಬಿಟ್ಟೀನಿ.
ಹದಿನೇಳು ವರ್ಷ ಆತು, ಯಾರೂ ಕೇಳಿಲ್ಲ.
ಬಿಲ್ಲು ಪೂರಾ ತಗೊಂಡೀನಿ.

ಪಿ ಮುಚ್ಚಿದೆ.
ನೀಲಗಂಗಾ ಓದಿದ್ಲು,
ಎರಡನೇ ಸಲಾನೂ ಓದಿದ್ಲು.
ನಾ ಐದು ವರ್ಷ ಆ ಹಾಸ್ಟೆಲಿನ್ಯಾಗ ಇದ್ದೆ ಕಾಕಾ, ಅಂದ್ಲು.
ನಮಗ ಗೊತ್ತಿತ್ತು.
ಒಬ್ಬಾಕಿ ಹೆಗಲ ಮ್ಯಾಲ ಒಬ್ಬಾಕಿ ಹತ್ತಿ
ಸೀಮೆಸುಣ್ಣದಿಂದ ಅರ್ಕಾವತ್ತು ಬರೀತಿದ್ವಿ.
ಮಳ್ಯಾಗ ಹೋಗತಿತ್ತು.
ಜೂನ್ ತಿಂಗಳದಾಗ ಹೊಸಾ ಹುಡುಗ್ಯಾರು ಬರತಿದ್ರು,
ಮತ್ತ ಬರೀತಿದ್ವಿ.